ಮರುಭೂಮಿಯ ನೆಲದಿಂದ ಗ್ಯಾಲರಿಯ ಗೋಡೆಗೆ: ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರಕಲೆ

ಆಸ್ಟ್ರೇಲಿಯಾದ ನಡುನಾಡಿನ ಮರುಭೂಮಿಯಲ್ಲಿರುವ ಪಪುನ್ಯಾ ಎಂಬ ವಸತಿಯಲ್ಲಿ 1972ರಲ್ಲಿ ಜಾನಿ ವರಂಗುಲಾ ಜುಪುರುಲಾ ಎಂಬ ಮೂಲನಿವಾಸಿ ಕಲಾವಿದರು ಹಲಗೆಯೊಂದರ ಮೇಲೆ ಒಂದು ಚಿತ್ರ ಬರೆದರು. ಕಲಿಪಿನ್ಪಾ ಎಂಬ ನೀರಿನ ತಾಣವನ್ನೂ ಅಲ್ಲಿಗೆ ಸೇರಿದ ಮಳೆ, ಮಿಂಚುಗಳ ಪುರಾಣವನ್ನೂ ಕುರಿತ ಆ ಚಿತ್ರ ಅಂದು 150 ಡಾಲರಿಗೆ ಮಾರಾಟವಾಯಿತು. 1997ರ ಹರಾಜಿನಲ್ಲಿ ಅದೇ ಹಲಗೆಗೆ 2,06,000 ಆಸ್ಟ್ರೇಲಿಯನ್ ಡಾಲರು ಬಂದಿತು. 2000ದಲ್ಲಿ ಮತ್ತೊಮ್ಮೆ ಹರಾಜಾದಾಗ ಬೆಲೆ 4,86,500 ಡಾಲರಿಗೆ ಏರಿತು. ಈ ಎರಡೂ ಮಾರಾಟಗಳಲ್ಲಿ ಚಿತ್ರ ಬರೆದವರಿಗೆ ಕಾನೂನಿನ ಪ್ರಕಾರ ಯಾವ ಪಾಲೂ ಇರಲಿಲ್ಲ. 2001ರಲ್ಲಿ ಆ ಕಲಾವಿದರು ತೀರಿಕೊಂಡರು.

ಇಂದು ಸಿಡ್ನಿ, ಮೆಲ್ಬರ್ನ್, ಪ್ಯಾರಿಸ್, ಲಂಡನ್ ನಗರಗಳ ದೊಡ್ಡ ಗ್ಯಾಲರಿಗಳಲ್ಲಿ ಪ್ರದರ್ಶಿತವಾಗುತ್ತಿರುವ ಮರುಭೂಮಿಯ ಚಿತ್ರಕಲೆಯ ಇತಿಹಾಸವನ್ನು ಈ ಒಂದು ಹಲಗೆಯ ಕಥೆಯಿಂದಲೇ ಆರಂಭಿಸಬಹುದು. ಯಾವುದನ್ನು ತೋರಬಹುದು, ಯಾರು ನೋಡಬಹುದು, ಬಂದ ಫಲ ಯಾರಿಗೆ ಸೇರಬೇಕು ಎಂಬ ಮೂರು ಪ್ರಶ್ನೆಗಳು ಈ ಕಲೆಯ ಜೊತೆಯಲ್ಲೇ ಹುಟ್ಟಿ ಬೆಳೆದಿವೆ. ಅವುಗಳನ್ನು ಬದಿಗಿಟ್ಟು ಬಣ್ಣ, ಚುಕ್ಕಿ, ವಿನ್ಯಾಸಗಳನ್ನಷ್ಟೇ ನೋಡಿದರೆ ಚಿತ್ರದ ಅರ್ಧ ಮಾತ್ರ ಕಂಡಂತಾಗುತ್ತದೆ.

ನೆಲದ ಮೇಲಿನ ಚಿತ್ರ

ಕ್ಯಾನ್ವಾಸ್ ಮತ್ತು ಅಕ್ರಿಲಿಕ್ ಬಣ್ಣಗಳು ಬರುವುದಕ್ಕೆ ಬಹುಕಾಲ ಮೊದಲೇ ಈ ಜನರಲ್ಲಿ ಚಿತ್ರ ಬರೆಯುವ ಪರಂಪರೆಯಿತ್ತು. ವಿಧಿಗಳ ಸಂದರ್ಭದಲ್ಲಿ ಮೈಮೇಲೆ, ಮರದ ವಸ್ತುಗಳ ಮೇಲೆ, ಬಂಡೆಗಳ ಮೇಲೆ, ಹದಗೊಳಿಸಿದ ನೆಲದ ಮೇಲೆ ಕಾವಿ, ಬಿಳಿ ಜೇಡಿಮಣ್ಣು, ಇದ್ದಿಲು, ಸಸ್ಯಗಳ ನಾರು ಮತ್ತು ಹಕ್ಕಿಗಳ ನವಿರು ಪುಕ್ಕಗಳಿಂದ ಅವರು ವಿನ್ಯಾಸಗಳನ್ನು ರಚಿಸುತ್ತಿದ್ದರು. ವಿಧಿ ಮುಗಿದ ಬಳಿಕ ನೆಲದ ಚಿತ್ರ ಅಳಿದುಹೋಗುತ್ತಿತ್ತು. ಹೆಂಗಸರು ಮಕ್ಕಳಿಗೆ ಕಥೆ ಹೇಳುವಾಗ ಮರಳಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತ, ಅಳಿಸುತ್ತ ಹೇಳುವ ರೂಢಿ ಇಂದಿಗೂ ಇದೆ.

ಈ ಚಿತ್ರಗಳ ಹಿಂದಿರುವ ಮೂಲ ಕಲ್ಪನೆಯನ್ನು ಪಶ್ಚಿಮ ಮರುಭೂಮಿಯ ಭಾಷೆಗಳಲ್ಲಿ ‘ಜುಕುರ್ಪಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಡ್ರೀಮಿಂಗ್’ ಎಂಬ ಹೆಸರು ರೂಢಿಯಾಗಿದೆ. ನಿದ್ದೆಯ ಕನಸು ಎಂಬಷ್ಟೇ ಇದರ ಅರ್ಥವಲ್ಲ. ಮನುಷ್ಯ, ಪ್ರಾಣಿ, ಮಳೆ, ಬೆಂಕಿ ಮುಂತಾದ ರೂಪಗಳಲ್ಲಿ ಮೂಲಪುರುಷರೂ ಸ್ತ್ರೀಯರೂ ಈ ನೆಲದ ಮೇಲೆ ಸಂಚರಿಸಿದರು. ಅವರ ನಡೆಯಿಂದ ಬೆಟ್ಟ, ಹಳ್ಳ, ನೀರಿನ ಗುಂಡಿಗಳು ಉಂಟಾದವು. ಬದುಕಿನ ಕಟ್ಟಳೆಗಳನ್ನು ಅವರೇ ಹಾಕಿಕೊಟ್ಟರು. ಅವರ ಶಕ್ತಿ ಆ ಸ್ಥಳಗಳಲ್ಲಿ ಈಗಲೂ ನೆಲೆಸಿದೆ ಎಂಬುದು ನಂಬಿಕೆ. ಹೀಗಾಗಿ ಜುಕುರ್ಪಾ ಎಂದರೆ ಪುರಾಣ, ಭೂಗೋಳ, ಧರ್ಮ, ಕಾನೂನು ಎಲ್ಲವೂ ಹೌದು.

ಒಂದು ಕಥೆಯನ್ನು ಯಾರು ಬೇಕಾದರೂ ಬರೆಯುವಂತಿಲ್ಲ. ಹುಟ್ಟಿನಿಂದ, ತಂದೆ ಅಥವಾ ತಾಯಿಯ ವಂಶದಿಂದ ಆಯಾ ಸ್ಥಳದ ಮೇಲೆ ಹಕ್ಕು ಪಡೆದವರಿಗೆ ಮಾತ್ರ ಆ ಸ್ಥಳದ ಚಿತ್ರವನ್ನು ಬರೆಯುವ ಅಧಿಕಾರವಿರುತ್ತದೆ. ವರ್ಲ್ಪಿರಿ ಜನರಲ್ಲಿ ತಂದೆಯ ಕಡೆಯಿಂದ ಒಡೆತನ ಪಡೆದವರನ್ನು ‘ಕಿರ್ಡಾ’ ಎಂದೂ ತಾಯಿಯ ಕಡೆಯಿಂದ ಮೇಲ್ವಿಚಾರಣೆಯ ಹೊಣೆ ಪಡೆದವರನ್ನು ‘ಕುರ್ಡುಂಗುರ್ಲು’ ಎಂದೂ ಕರೆಯುತ್ತಾರೆ. ಒಡೆಯರು ಬರೆದುದು ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು ಎರಡನೆಯವರ ಕರ್ತವ್ಯ.

ಪಪುನ್ಯಾದ ಶಾಲೆಯ ಗೋಡೆ

ಪಪುನ್ಯಾ ಇರುವುದು ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 240 ಕಿ.ಮೀ. ದೂರದಲ್ಲಿ. ಮೂಲನಿವಾಸಿಗಳನ್ನು ಬಿಳಿಯರ ಜೀವನಕ್ರಮಕ್ಕೆ ಒಗ್ಗಿಸಬೇಕೆಂಬ ಸರ್ಕಾರಿ ನೀತಿಯಂತೆ 1950ರ ದಶಕದ ಕೊನೆಯಲ್ಲಿ ಇದನ್ನು ಸ್ಥಾಪಿಸಲಾಯಿತು. ಪಿಂಟುಪಿ, ಲುರಿಚಾ, ವರ್ಲ್ಪಿರಿ, ಅನ್ಮಾಜೆರೆ, ಅರಂಡ ಮೊದಲಾದ ಬೇರೆ ಬೇರೆ ಭಾಷೆಗಳ ಜನರನ್ನು ತಂತಮ್ಮ ನೆಲದಿಂದ ದೂರಕ್ಕೆ ತಂದು ಇಲ್ಲಿ ಒಟ್ಟಿಗೆ ಇರಿಸಲಾಗಿತ್ತು. ರೋಗ, ಸಾವು, ಜಗಳಗಳು ಇಲ್ಲಿ ಹೆಚ್ಚಾಗಿದ್ದವು. ಜಲವರ್ಣದ ನಿಸರ್ಗಚಿತ್ರಗಳಿಂದ ದೇಶದಾದ್ಯಂತ ಹೆಸರಾಗಿದ್ದ ಮೂಲನಿವಾಸಿ ಕಲಾವಿದ ಆಲ್ಬರ್ಟ್ ನಮಾಜಿರಾ ಅವರು ಬಂಧುವಿಗೆ ಮದ್ಯ ಕೊಟ್ಟ ಅಪರಾಧಕ್ಕಾಗಿ 1959ರಲ್ಲಿ ಶಿಕ್ಷೆ ಅನುಭವಿಸಿದ್ದು ಇದೇ ಪಪುನ್ಯಾದಲ್ಲಿ. ಅದೇ ವರ್ಷ ಅವರು ನಿಧನರಾದರು.

1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ತರುಣ ಉಪಾಧ್ಯಾಯರು ಇಲ್ಲಿನ ಶಾಲೆಗೆ ಬಂದರು. ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದ ತಮ್ಮದೇ ವಿನ್ಯಾಸಗಳನ್ನು ಶಾಲೆಯಲ್ಲೂ ಬರೆಯುವಂತೆ ಅವರು ಪ್ರೋತ್ಸಾಹಿಸಿದರು. ಬಹುಬೇಗ ಊರಿನ ಹಿರಿಯರೇ ಈ ಕೆಲಸವನ್ನು ಕೈಗೆತ್ತಿಕೊಂಡರು. ಪಪುನ್ಯಾ ಇರುವ ಸ್ಥಳವೇ ಜೇನಿರುವೆಯ ಜುಕುರ್ಪಾಕ್ಕೆ ಸೇರಿದುದಾದ್ದರಿಂದ ಶಾಲೆಯ ಹೊರಗೋಡೆಯ ಮೇಲೆ ಜೇನಿರುವೆಯ ಭಿತ್ತಿಚಿತ್ರ ಮೂಡಿತು. ಕೆಲವೇ ವರ್ಷಗಳಲ್ಲಿ ಅಧಿಕಾರಿಗಳು ಗೋಡೆಗೆ ಬಣ್ಣ ಹೊಡೆಸಿ ಅದನ್ನು ಅಳಿಸಿಹಾಕಿದರು. ಆದರೆ ಅಷ್ಟರಲ್ಲಿ ಹಿರಿಯರು ಸಿಕ್ಕ ಹಲಗೆ, ರಟ್ಟು, ತುಂಡು ಮರಗಳ ಮೇಲೆಲ್ಲ ಬರೆಯತೊಡಗಿದ್ದರು. 1971ರ ಆಗಸ್ಟಿನಲ್ಲಿ ಕಾಪಾ ಜಂಪಿಜಿನ್ಪಾ ಅವರ ಚಿತ್ರವೊಂದಕ್ಕೆ ಆಲಿಸ್ ಸ್ಪ್ರಿಂಗ್ಸ್‌ನ ಕಲಾಸ್ಪರ್ಧೆಯಲ್ಲಿ ಜಂಟಿ ಪ್ರಥಮ ಬಹುಮಾನ ದೊರೆಯಿತು. 1972ರಲ್ಲಿ ಕಲಾವಿದರು ಸೇರಿ ‘ಪಪುನ್ಯಾ ತುಲಾ ಆರ್ಟಿಸ್ಟ್ಸ್’ ಎಂಬ ಕಂಪನಿಯನ್ನು ಸ್ಥಾಪಿಸಿದರು. ಕಲಾವಿದರ ಒಡೆತನದಲ್ಲೇ ಇರುವ ಈ ಸಂಸ್ಥೆ ಐದು ದಶಕಗಳನ್ನು ದಾಟಿದೆ. ಮುಂದೆ ಮರುಭೂಮಿಯ ಇತರ ಊರುಗಳಲ್ಲಿ ಹುಟ್ಟಿಕೊಂಡ ಕಲಾಕೇಂದ್ರಗಳಿಗೆ ಇದೇ ಮಾದರಿಯಾಯಿತು.

ತೋರುವುದು, ಮರೆಮಾಡುವುದು

ಆರಂಭದ ಹಲಗೆಗಳಲ್ಲಿ ವಿಧಿಗಳ ಸಮಯದಲ್ಲಿ ಮಾತ್ರ ಹೊರತೆಗೆಯುವ ಪವಿತ್ರ ವಸ್ತುಗಳ ಆಕೃತಿಗಳು ನೇರವಾಗಿ ಕಾಣಿಸಿಕೊಂಡಿದ್ದವು. ಇವು ದೀಕ್ಷೆ ಪಡೆದ ಗಂಡಸರಿಗೆ ಮಾತ್ರ ನೋಡಲು ಅನುಮತಿಯಿರುವಂಥವು. ಚಿತ್ರಗಳು ಪಟ್ಟಣದ ಅಂಗಡಿ, ಪ್ರದರ್ಶನಗಳಿಗೆ ಹೋದಾಗ ನೆರೆಯ ಸಮುದಾಯಗಳ ಹಿರಿಯರು ಇವನ್ನು ಕಂಡು ತೀವ್ರವಾಗಿ ಆಕ್ಷೇಪಿಸಿದರು. ಕಲಾವಿದರು ತಮ್ಮೊಳಗೇ ಚರ್ಚಿಸಿ ದಾರಿ ಕಂಡುಕೊಂಡರು. ಆಕೃತಿಗಳು ಕ್ರಮೇಣ ಮರೆಯಾದವು. ವೃತ್ತ, ಗೆರೆಗಳಂಥ ಎಲ್ಲರಿಗೂ ತೋರಬಹುದಾದ ಸಂಕೇತಗಳು ಉಳಿದವು. ನಡುವಿನ ಜಾಗವನ್ನು ಚುಕ್ಕಿಗಳು ತುಂಬಿಕೊಂಡವು. ಇಂದು ಜಗತ್ತು ‘ಚುಕ್ಕಿ ಚಿತ್ರ’ ಎಂದು ಗುರುತಿಸುವ ಶೈಲಿ ಬೆಳೆದುದಕ್ಕೆ ಇದೂ ಒಂದು ಮುಖ್ಯ ಕಾರಣ.

ಚುಕ್ಕಿಗಳನ್ನು ಕಂಡೊಡನೆ ಕನ್ನಡಿಗರಿಗೆ ರಂಗೋಲಿ ನೆನಪಾಗುವುದು ಸಹಜ. ಆದರೆ ಹೋಲಿಕೆ ಮೇಲ್ನೋಟದ್ದು. ರಂಗೋಲಿಯಲ್ಲಿ ಚುಕ್ಕಿ ಮೊದಲು ಬಂದು ಎಳೆಗೆ ದಾರಿ ತೋರುತ್ತದೆ. ಇಲ್ಲಿ ಚುಕ್ಕಿ ಸಾಮಾನ್ಯವಾಗಿ ಕೊನೆಗೆ ಬಂದು ಗೆರೆಯನ್ನು ಸುತ್ತುವರಿಯುತ್ತದೆ. ಕೆಲವು ಸಲ ಕೆಳಗಿರುವುದನ್ನು ಮುಚ್ಚುತ್ತದೆ.

ಈ ನಿರ್ಬಂಧ ಇಂದಿಗೂ ಜೀವಂತವಾಗಿದೆ. ‘ಕಲಿಪಿನ್ಪಾ’ ಹಲಗೆಯನ್ನು 2000ದಲ್ಲಿ ಕೊಂಡ ಅಮೆರಿಕದ ಸಂಗ್ರಾಹಕ ದಂಪತಿಯ ಪಪುನ್ಯಾ ಸಂಗ್ರಹ 2009ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಯಿತು. ಆಗ ಮುದ್ರಿಸಿದ ಪುಸ್ತಕದಲ್ಲಿ ಕೆಲವು ಚಿತ್ರಗಳನ್ನು ಬೇರೆಯೇ ಪುರವಣಿಯಾಗಿ ಮಾಡಿ, ಅದು ಆಸ್ಟ್ರೇಲಿಯಾದಲ್ಲಿ ಹಂಚಿಕೆಯಾಗದಂತೆ ನೋಡಿಕೊಳ್ಳಲಾಯಿತು. ಡಾರ್ವಿನ್ ನಗರದ ವಸ್ತುಸಂಗ್ರಹಾಲಯದಲ್ಲಿ ಆರಂಭಕಾಲದ 200ಕ್ಕೂ ಹೆಚ್ಚು ಹಲಗೆಗಳಿವೆ. 2017ರಲ್ಲಿ ಅವುಗಳ ಪ್ರದರ್ಶನಕ್ಕೆ ಮೊದಲು ಮರುಭೂಮಿಯ ಹಿರಿಯರನ್ನು ಕರೆಸಿ, ಯಾವುದನ್ನು ಸಾರ್ವಜನಿಕರಿಗೆ ತೋರಬಹುದು, ಯಾವುದನ್ನು ಒಳಗೇ ಇಡಬೇಕು ಎಂದು ಅವರಿಂದಲೇ ನಿರ್ಣಯ ಪಡೆಯಲಾಯಿತು. ಗ್ಯಾಲರಿಯ ಸ್ವತ್ತಾದ ಮಾತ್ರಕ್ಕೆ ಚಿತ್ರದ ಮೇಲಿನ ಎಲ್ಲ ಅಧಿಕಾರವೂ ಗ್ಯಾಲರಿಗೆ ಬರುವುದಿಲ್ಲ ಎಂಬ ತತ್ತ್ವವನ್ನು ಸಂಸ್ಥೆಗಳು ಒಪ್ಪಿಕೊಳ್ಳಲು ನಾಲ್ಕು ದಶಕಗಳೇ ಬೇಕಾದವು.

ಪ್ರದರ್ಶನಗಳ ಹಾದಿ

1970ರ ದಶಕದಲ್ಲಿ ಈ ಚಿತ್ರಗಳನ್ನು ಕೊಳ್ಳುವವರು ವಿರಳ. ಕೊಂಡವರೂ ಬಹುಮಟ್ಟಿಗೆ ಜನಾಂಗ ಅಧ್ಯಯನದ ವಸ್ತುಗಳೆಂದೇ ಇವನ್ನು ಭಾವಿಸಿದ್ದರು. ಕ್ಲಿಫರ್ಡ್ ಪಾಸಮ್ ಜಪಲ್‌ಜಾರಿ ಅವರು 1977ರಲ್ಲಿ ಬರೆದ ‘ವರ್ಲುಗುಲಾಂಗ್’ ಎಂಬ ಬೃಹತ್ ಚಿತ್ರವನ್ನು ಬ್ಯಾಂಕೊಂದು 1,200 ಡಾಲರಿಗೆ ಕೊಂಡು ತನ್ನ ತರಬೇತಿ ಕೇಂದ್ರದ ಉಪಾಹಾರ ಗೃಹದಲ್ಲಿ ತೂಗುಹಾಕಿತ್ತು. 1980ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕಲಾ ಗ್ಯಾಲರಿ ಅದೇ ಕಲಾವಿದರ ಮತ್ತೊಂದು ಚಿತ್ರವನ್ನು ಸಮಕಾಲೀನ ಕಲೆ ಎಂದು ಪರಿಗಣಿಸಿ ಕೊಂಡಿತು. 1981ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ಕಲಾ ಗ್ಯಾಲರಿಯ ‘ಪರ್‌ಸ್ಪೆಕ್ಟಾ’ ಪ್ರದರ್ಶನದಲ್ಲಿ ಪಪುನ್ಯಾದ ಕ್ಯಾನ್ವಾಸ್‌ಗಳು ದೇಶದ ಇತರ ಹೊಸ ಕಲಾಕೃತಿಗಳ ಸಾಲಿನಲ್ಲಿ ಸ್ಥಾನ ಪಡೆದವು.

1980ರ ದಶಕದಲ್ಲಿ ಚಳವಳಿ ಬೇರೆ ಊರುಗಳಿಗೂ ಹರಡಿತು. ಯುಯೆಂಡುಮು ಎಂಬಲ್ಲಿ ವರ್ಲ್ಪಿರಿ ಹಿರಿಯರು ಶಾಲೆಯ 30 ಬಾಗಿಲುಗಳ ಮೇಲೆ ಜುಕುರ್ಪಾ ಕಥೆಗಳನ್ನು ಬರೆದರು. ಮಕ್ಕಳು ತಮ್ಮ ನೆಲದ ಕಥೆಗಳನ್ನು ಮರೆಯಬಾರದೆಂಬುದು ಅವರ ಉದ್ದೇಶವಾಗಿತ್ತು. ಈ ಬಾಗಿಲುಗಳು ಈಗ ಅಡಿಲೇಡ್‌ನ ವಸ್ತುಸಂಗ್ರಹಾಲಯದಲ್ಲಿವೆ. 1988ರಲ್ಲಿ ನ್ಯೂಯಾರ್ಕಿನ ಏಷ್ಯಾ ಸೊಸೈಟಿಯಲ್ಲಿ ನಡೆದ ‘ಡ್ರೀಮಿಂಗ್ಸ್’ ಪ್ರದರ್ಶನ ಈ ಕಲೆಯನ್ನು ಅಂತರರಾಷ್ಟ್ರೀಯ ಮಾರುಕಟ್ಟೆಗೆ ಪರಿಚಯಿಸಿತು. 2000ದಲ್ಲಿ ಸಿಡ್ನಿಯಲ್ಲಿ ಪಪುನ್ಯಾ ತುಲಾದ ಸಿಂಹಾವಲೋಕನ ಪ್ರದರ್ಶನ ನಡೆಯಿತು. 2006ರಲ್ಲಿ ಆರಂಭವಾದ ಪ್ಯಾರಿಸ್ಸಿನ ಕೆ ಬ್ರಾನ್ಲಿ ವಸ್ತುಸಂಗ್ರಹಾಲಯದ ಕಟ್ಟಡದಲ್ಲೇ ನಿಂಗುರಾ ನಪುರುಲಾ, ಟಾಮಿ ವಾಟ್ಸನ್ ಮೊದಲಾದ ಮೂಲನಿವಾಸಿ ಕಲಾವಿದರ ವಿನ್ಯಾಸಗಳನ್ನು ಅಳವಡಿಸಲಾಗಿದೆ. ಉಪಾಹಾರ ಗೃಹದ ಗೋಡೆಯಲ್ಲಿದ್ದ ‘ವರ್ಲುಗುಲಾಂಗ್’ ಚಿತ್ರವನ್ನು 2007ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 24 ಲಕ್ಷ ಡಾಲರಿಗೆ ಕೊಂಡಿತು.

2017ರಲ್ಲಿ ಕ್ಯಾನ್‌ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆರಂಭವಾದ ‘ಸಾಂಗ್‌ಲೈನ್ಸ್’ ಪ್ರದರ್ಶನ ಏಳು ಸೋದರಿಯರ ಕಥೆಯನ್ನು ಕುರಿತದ್ದು. ಪುರುಷನೊಬ್ಬನಿಂದ ತಪ್ಪಿಸಿಕೊಳ್ಳಲು ಮರುಭೂಮಿಯುದ್ದಕ್ಕೂ ಓಡಿದ ಏಳು ಸೋದರಿಯರು ಕೊನೆಗೆ ಆಕಾಶ ಸೇರಿ ನಕ್ಷತ್ರಗಳಾದರು ಎಂಬುದು ಕಥೆ. ನಾವು ಕೃತ್ತಿಕೆ ಎಂದು ಕರೆಯುವ ನಕ್ಷತ್ರಪುಂಜವೇ ಈ ಸೋದರಿಯರು. ಮರುಭೂಮಿಯ ಹಿರಿಯರೇ ಮುಂದಾಗಿ ರೂಪಿಸಿದ ಈ ಪ್ರದರ್ಶನ ಮುಂದೆ ಇಂಗ್ಲೆಂಡಿನ ಪ್ಲಿಮತ್, ಬರ್ಲಿನ್ ಮತ್ತು ಪ್ಯಾರಿಸ್‌ಗಳಿಗೂ ಹೋಯಿತು.

ಮಹಿಳೆಯರ ಪ್ರವೇಶ

ಪಪುನ್ಯಾದಲ್ಲಿ ಮೊದಲು ಬರೆದವರು ಗಂಡಸರು. ಆಲಿಸ್ ಸ್ಪ್ರಿಂಗ್ಸ್‌ನ ಈಶಾನ್ಯಕ್ಕಿರುವ ಯುಟೋಪಿಯಾ ಪ್ರದೇಶದಲ್ಲಿ ಮಾತ್ರ ಚಿತ್ರಕಲೆ ಹೆಂಗಸರಿಂದ ಆರಂಭವಾಯಿತು. 1977ರ ಸುಮಾರಿಗೆ ಅವರು ಬಾಟಿಕ್ ಕಲಿತು ಬಟ್ಟೆಯ ಮೇಲೆ ಬರೆಯತೊಡಗಿದರು. 1988-89ರಲ್ಲಿ ಅವರ ಕೈಗೆ ಕ್ಯಾನ್ವಾಸ್ ಬಂದಿತು. ಅವರಲ್ಲೊಬ್ಬರಾದ ಎಮಿಲಿ ಕಾಮೆ ಉಂಗ್ವಾರೆ ಅವರಿಗೆ ಆಗ ಎಪ್ಪತ್ತು ವರ್ಷ ದಾಟಿತ್ತು. 1996ರಲ್ಲಿ ನಿಧನರಾಗುವವರೆಗಿನ ಸುಮಾರು ಎಂಟು ವರ್ಷಗಳಲ್ಲಿ ಅವರು ಮೂರು ಸಾವಿರದಷ್ಟು ಚಿತ್ರಗಳನ್ನು ಬರೆದರೆಂದು ಅಂದಾಜಿದೆ. ‘ಕಾಮೆ’ ಎಂದರೆ ಕಾಡುಗೆಣಸಿನ ಬೀಜ. ಅವರ ಹೆಸರೇ ಅವರು ಬರೆಯುತ್ತಿದ್ದ ಕಥೆಯದು. 1995ರ ‘ಬಿಗ್ ಯಾಮ್ ಡ್ರೀಮಿಂಗ್’ ಎಂಬ ಎಂಟು ಮೀಟರ್ ಅಗಲದ ಚಿತ್ರದಲ್ಲಿ ಕಪ್ಪು ನೆಲದ ಮೇಲೆ ಬಿಳಿಯ ಗೆರೆಗಳು ಗೆಣಸಿನ ಬೇರಿನಂತೆ, ಗೆಣಸು ಬೆಳೆದಾಗ ಬಿರಿಯುವ ಮಣ್ಣಿನಂತೆ ಹೆಣೆದುಕೊಂಡಿವೆ.

ಎಮಿಲಿಯವರ ಚಿತ್ರಗಳು 1997ರ ವೆನಿಸ್ ಬಿನಾಲೆಯಲ್ಲಿ ಆಸ್ಟ್ರೇಲಿಯಾವನ್ನು ಪ್ರತಿನಿಧಿಸಿದವು. 2008ರಲ್ಲಿ ಜಪಾನಿನಲ್ಲೂ 2025ರ ಜುಲೈಯಿಂದ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲೂ ಅವರ ದೊಡ್ಡ ಪ್ರದರ್ಶನಗಳು ನಡೆದವು. ಪಾಶ್ಚಾತ್ಯ ವಿಮರ್ಶಕರು ಅವರನ್ನು ಅಮೂರ್ತ ಕಲೆಯ ದೊಡ್ಡ ಹೆಸರುಗಳೊಡನೆ ಹೋಲಿಸಿದ್ದುಂಟು. ಆದರೆ ಅವರು ಅಂಥ ಕಲೆಯನ್ನು ನೋಡಿ ಕಲಿತವರಲ್ಲ. ತಮ್ಮ ನೆಲವನ್ನೂ ಹೆಂಗಸರ ವಿಧಿಗಳಲ್ಲಿ ಮೈಮೇಲೆ ಬರೆಯುವ ಗೆರೆಗಳನ್ನೂ ಬಲ್ಲವರಾಗಿದ್ದರು. 1990ರ ದಶಕದಲ್ಲಿ ಪಿಂಟುಪಿ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಬರೆಯಲಾರಂಭಿಸಿದರು. ಬಿಳಿಯರ ಸಂಪರ್ಕವಿಲ್ಲದೆ ಬದುಕಿದ್ದು 1984ರಲ್ಲಿ ಹೊರಬಂದ ಒಂಬತ್ತು ಮಂದಿಯ ಪಿಂಟುಪಿ ಕುಟುಂಬದಲ್ಲಿ ಬಾಲಕಿಯಾಗಿದ್ದ ಯುಕುಲ್ಜಿ ನಪಂಗಾಟಿ ಅವರು 2018ರಲ್ಲಿ ಸಿಡ್ನಿಯ ವಿನ್ ಪ್ರಶಸ್ತಿ ಪಡೆದರು.

ಚಿತ್ರವೇ ಹಕ್ಕುಪತ್ರ

ಚಿತ್ರ ಬರೆಯುವ ಅಧಿಕಾರ ನೆಲದ ಹಕ್ಕಿನಿಂದ ಬರುವುದಾದರೆ, ಚಿತ್ರವು ಆ ಹಕ್ಕಿಗೆ ಸಾಕ್ಷಿಯೂ ಆಗಬಲ್ಲದು. 1997ರಲ್ಲಿ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ ಇದನ್ನು ಅಕ್ಷರಶಃ ಮಾಡಿ ತೋರಿಸಿದರು. ತಮ್ಮ ನೆಲದ ಹಕ್ಕನ್ನು ಇಂಗ್ಲಿಷಿನಲ್ಲಿ ವಿವರಿಸಲು ಕಷ್ಟವಾದಾಗ, ಸುಮಾರು 40 ಮಂದಿ ಸೇರಿ ‘ಙುರಾರಾ’ ಎಂಬ 8 ಮೀಟರ್ ಅಗಲ, 10 ಮೀಟರ್ ಉದ್ದದ ಕ್ಯಾನ್ವಾಸ್ ಬರೆದರು. ನ್ಯಾಯಮಂಡಳಿಯ ಸದಸ್ಯರು ಬಂದಾಗ ಅದನ್ನು ನೆಲದ ಮೇಲೆ ಹಾಸಿ, ಒಬ್ಬೊಬ್ಬರೂ ತಮ್ಮ ನೀರಿನ ತಾಣವಿರುವ ಭಾಗದ ಮೇಲೆ ನಿಂತು ತಮ್ಮ ಭಾಷೆಯಲ್ಲೇ ಸಾಕ್ಷ್ಯ ನುಡಿದರು. 2007ರಲ್ಲಿ ನ್ಯಾಯಾಲಯ ಅವರ ಹಕ್ಕನ್ನು ಮಾನ್ಯ ಮಾಡಿತು.

ಚಿತ್ರಗಳು ಪ್ರಾಣ ಉಳಿಸಲೂ ನೆರವಾಗಿವೆ. ಪಿಂಟುಪಿ ಜನರಲ್ಲಿ ಮೂತ್ರಪಿಂಡದ ಕಾಯಿಲೆ ವ್ಯಾಪಕ. ಡಯಾಲಿಸಿಸ್ ಬೇಕಾದವರು ಕಿಂಟೋರ್ ಊರಿನಿಂದ 500 ಕಿ.ಮೀ.ಗೂ ದೂರದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗಿ, ನೆಲ ಮತ್ತು ನೆಂಟರನ್ನು ಬಿಟ್ಟು ಅಲ್ಲೇ ಕೊನೆಯುಸಿರೆಳೆಯಬೇಕಾಗುತ್ತಿತ್ತು. 2000ದ ನವೆಂಬರಿನಲ್ಲಿ ಕಿಂಟೋರ್ ಮತ್ತು ಕಿವಿರ್ಕುರಾ ಊರುಗಳ ಗಂಡಸರೂ ಹೆಂಗಸರೂ ಪ್ರತ್ಯೇಕವಾಗಿ ಸೇರಿ ಬರೆದ ದೊಡ್ಡ ಚಿತ್ರಗಳನ್ನು ಸಿಡ್ನಿಯ ಗ್ಯಾಲರಿಯಲ್ಲಿ ಹರಾಜು ಹಾಕಲಾಯಿತು. ಇತರ ಕೊಡುಗೆಗಳೂ ಸೇರಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಆರಂಭವಾಯಿತು. ‘ಪರ್ಪಲ್ ಹೌಸ್’ ಎಂದು ಹೆಸರಾದ, ಸಮುದಾಯದ ಆಡಳಿತದಲ್ಲಿರುವ ಈ ಸಂಸ್ಥೆ ಇಂದು ಮರುಭೂಮಿಯ ಇನ್ನೂ ಹಲವು ಊರುಗಳಲ್ಲಿ ಚಿಕಿತ್ಸೆ ನೀಡುತ್ತಿದೆ. ಜಾನಿ ವರಂಗುಲಾ ಅವರ ಹಲಗೆ ಸುಮಾರು ಐದು ಲಕ್ಷಕ್ಕೆ ಹರಾಜಾಗಿ ಅವರಿಗೆ ಏನೂ ಬಾರದಿದ್ದುದೂ ಇದೇ ವರ್ಷ ಎಂಬುದನ್ನು ಇಲ್ಲಿ ನೆನೆಯಬೇಕು.

ಬೆಲೆ ಮತ್ತು ಪಾಲು

ಬೆಲೆ ಏರಿದಂತೆ ಶೋಷಣೆಯೂ ಏರಿತು. ಕಲಾವಿದರನ್ನು ಪಟ್ಟಣದ ಶೆಡ್ಡುಗಳಲ್ಲಿ ಕೂರಿಸಿ, ಅಲ್ಪ ಹಣಕ್ಕೋ ಹಳೆಯ ಕಾರಿಗೋ ಚಿತ್ರ ಬರೆಸಿಕೊಳ್ಳುವ ದಳ್ಳಾಳಿಗಳು ಹುಟ್ಟಿಕೊಂಡರು. 1999ರಲ್ಲಿ ಕ್ಲಿಫರ್ಡ್ ಪಾಸಮ್ ಅವರು ತಮ್ಮ ಹೆಸರಿನಲ್ಲಿದ್ದ ನಕಲಿ ಚಿತ್ರಗಳನ್ನು ತಾವೇ ಗುರುತಿಸಿದರು. 2001ರಲ್ಲಿ ವ್ಯಾಪಾರಿಯೊಬ್ಬನಿಗೆ ಶಿಕ್ಷೆಯಾಯಿತು. 2007ರಲ್ಲಿ ಆಸ್ಟ್ರೇಲಿಯಾದ ಸೆನೆಟ್ ಈ ವಹಿವಾಟಿನ ಕುರಿತು ತನಿಖಾ ವರದಿ ಪ್ರಕಟಿಸಿತು. ಅದರ ಬೆನ್ನಿಗೇ ಮಾರಾಟಗಾರರಿಗಾಗಿ ‘ಇಂಡಿಜಿನಸ್ ಆರ್ಟ್ ಕೋಡ್’ ಎಂಬ ನೀತಿಸಂಹಿತೆ ಬಂದಿತು. ಅದನ್ನು ಒಪ್ಪುವುದು ಬಿಡುವುದು ವ್ಯಾಪಾರಿಯ ಇಚ್ಛೆಗೆ ಬಿಟ್ಟದ್ದು.

ಮರುಮಾರಾಟದ ಪಾಲಿನ ಕಾನೂನು 2009ರಲ್ಲಿ ಅಂಗೀಕಾರವಾಗಿ 2010ರ ಜೂನ್ 9ರಿಂದ ಜಾರಿಗೆ ಬಂದಿತು. ಒಂದು ಸಾವಿರ ಡಾಲರು ಅಥವಾ ಅದಕ್ಕೂ ಹೆಚ್ಚಿನ ಬೆಲೆಗೆ ವ್ಯಾಪಾರಿ ಅಥವಾ ಹರಾಜುದಾರರ ಮೂಲಕ ಮರುಮಾರಾಟವಾದ ಕೃತಿಯ ಬೆಲೆಯಲ್ಲಿ ಶೇ. 5ರಷ್ಟು ಕಲಾವಿದರಿಗೆ, ಅವರ ಮರಣಾನಂತರ 70 ವರ್ಷಗಳವರೆಗೆ ವಾರಸುದಾರರಿಗೆ ಸಲ್ಲುತ್ತದೆ. ಕಾನೂನು ಬರುವುದಕ್ಕೆ ಮೊದಲೇ ಇದ್ದ ಕೃತಿಗಳಾದರೆ, ಅದರ ನಂತರದ ಮೊದಲ ಮಾರಾಟಕ್ಕೆ ಇದು ಅನ್ವಯಿಸದು. ಭಾರತದ ಕೃತಿಸ್ವಾಮ್ಯ ಕಾಯಿದೆಗೂ 1994ರ ತಿದ್ದುಪಡಿಯ ಮೂಲಕ 53ಎ ಎಂಬ ಇಂಥದೇ ಸೆಕ್ಷನ್ ಸೇರಿದೆ ಎಂಬುದು ನಮ್ಮಲ್ಲಿ ಅನೇಕ ಕಲಾವಿದರಿಗೂ ತಿಳಿದಿರಲಾರದು.

ಗ್ಯಾಲರಿಯಲ್ಲಿ ನೋಡುವಾಗ

ಈ ಚಿತ್ರಗಳನ್ನು ನೋಡಲು ಹೋಗುವವರು ಕೆಲವು ಸಂಗತಿಗಳನ್ನು ತಿಳಿದಿದ್ದರೆ ಒಳಿತು. ಮೊದಲನೆಯದಾಗಿ, ಕಲಾವಿದರು ಸಾಮಾನ್ಯವಾಗಿ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ಅದರ ಸುತ್ತ ಕೂತು, ಕೆಲವೊಮ್ಮೆ ಅದರ ಮೇಲೆಯೇ ಕೂತು ಬರೆಯುತ್ತಾರೆ. ನೆಲವನ್ನು ಮೇಲಿನಿಂದ ಕಂಡಂತೆ ಚಿತ್ರ ರೂಪುಗೊಳ್ಳುತ್ತದೆ. ಮೇಲೆ, ಕೆಳಗೆ ಎಂಬುದು ಗೋಡೆಗೆ ತೂಗುಹಾಕುವವರು ನಿರ್ಧರಿಸಿದ್ದು. ಒಂದರೊಳಗೊಂದು ಇರುವ ವೃತ್ತಗಳು ನೀರಿನ ತಾಣ, ಬಿಡಾರ ಅಥವಾ ಪವಿತ್ರ ಸ್ಥಳವನ್ನು ಸೂಚಿಸಬಹುದು. ಲಾಳದಾಕಾರದ ಗುರುತು ಕುಳಿತಿರುವ ವ್ಯಕ್ತಿ. ಮರಳಿನಲ್ಲಿ ಕಾಲು ಮಡಿಸಿ ಕೂತು ಎದ್ದಾಗ ಉಳಿಯುವ ಅಚ್ಚು ಅದು. ಅಂಕುಡೊಂಕಾದ ಗೆರೆ ಹರಿಯುವ ನೀರು, ಹೊಗೆ ಅಥವಾ ಮಿಂಚಾಗಬಹುದು. ಒಂದೇ ಗುರುತಿಗೆ ಕಥೆಗೆ ತಕ್ಕಂತೆ ಬೇರೆ ಬೇರೆ ಅರ್ಥವಿರುವುದರಿಂದ ನಿಘಂಟಿನಂತೆ ಇವನ್ನು ಓದಲಾಗದು.

ಎರಡನೆಯದು ಹೆಸರುಗಳ ವಿಚಾರ. ಜಪಲ್‌ಜಾರಿ, ಜುಪುರುಲಾ, ನಪುರುಲಾ, ನಪಂಗಾಟಿ ಇವು ಮನೆತನದ ಹೆಸರುಗಳಲ್ಲ. ಪಿಂಟುಪಿ, ವರ್ಲ್ಪಿರಿ ಸಮಾಜಗಳಲ್ಲಿರುವ ಎಂಟು ಬಂಧುವರ್ಗಗಳ ಹೆಸರುಗಳಿವು. ‘ಜ’ಕಾರದಿಂದ ಆರಂಭವಾದರೆ ಗಂಡು, ‘ನ’ಕಾರದಿಂದಾದರೆ ಹೆಣ್ಣು. ಜುಪುರುಲಾನ ಸೋದರಿ ನಪುರುಲಾ. ಯಾರು ಯಾರನ್ನು ಮದುವೆಯಾಗಬಹುದು, ಯಾವ ವಿಧಿಯಲ್ಲಿ ಯಾರ ಹೊಣೆ ಏನು ಎಂಬುದನ್ನು ಈ ವರ್ಗಗಳೇ ತೀರ್ಮಾನಿಸುತ್ತವೆ. ಹೀಗಾಗಿ ಒಂದೇ ಹೆಸರಿನ ಕಲಾವಿದರು ಒಂದೇ ಮನೆಯವರಾಗಿರಬೇಕಾಗಿಲ್ಲ.

ಮೂರನೆಯದು ಪ್ರವೇಶದ್ವಾರದಲ್ಲಿ ಕಾಣುವ ಎಚ್ಚರಿಕೆಯ ಫಲಕ. ತೀರಿಕೊಂಡವರ ಹೆಸರನ್ನು ಉಚ್ಚರಿಸುವುದೂ ಅವರ ಭಾವಚಿತ್ರ ನೋಡುವುದೂ ಅನೇಕ ಮೂಲನಿವಾಸಿ ಕುಟುಂಬಗಳಿಗೆ ನೋವಿನ ಸಂಗತಿ. ಸೂತಕದ ಕಾಲದಲ್ಲಿ ಮೃತರ ಹೆಸರಿಗೆ ಬದಲಾಗಿ ‘ಕುಮಂಜಾಯಿ’ ಎಂಬಂಥ ಪದ ಬಳಸುವ ಸಂಪ್ರದಾಯವೂ ಇದೆ.

ಕೊಳ್ಳುವವರಾದರೆ ಕಲಾವಿದರ ಹೆಸರು, ಊರು, ಚಿತ್ರದ ಕಥೆ ಹಾಗೂ ಅದು ಬಂದ ಕಲಾಕೇಂದ್ರದ ಪ್ರಮಾಣಪತ್ರವನ್ನು ಕೇಳಬೇಕು. ಸ್ಮರಣಿಕೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಅಗತ್ಯ. ಮೂಲನಿವಾಸಿ ಶೈಲಿಯ ಸ್ಮರಣಿಕೆ ಮತ್ತು ಬಳಕೆಯ ಸಾಮಾನುಗಳಿಗಾಗಿ ಜನ ವ್ಯಯಿಸುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೂಲನಿವಾಸಿಗಳು ರಚಿಸದ ವಸ್ತುಗಳಿಗೆ ಹೋಗುತ್ತಿದೆ ಎಂದು ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 2022ರಲ್ಲಿ ವರದಿ ಮಾಡಿತು.

ಮರಳಿನ ಮೇಲೆ ಬರೆದು ಅಳಿಸುತ್ತಿದ್ದ ಗೆರೆಗಳು ಶಾಶ್ವತ ಬಣ್ಣದಲ್ಲಿ ನಿಂತು ಅರ್ಧ ಶತಮಾನ ಕಳೆದಿದೆ. ಶಾಲೆಯ ಗೋಡೆಯ ಮೇಲೆ ಜೇನಿರುವೆ ಬರೆದ ಹಿರಿಯರಲ್ಲಿ ಇಂದು ಯಾರೂ ಉಳಿದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಬರೆಯುತ್ತಿದ್ದಾರೆ. ಎಷ್ಟನ್ನು ತೋರಬೇಕು, ಎಷ್ಟನ್ನು ಒಳಗಿಡಬೇಕು ಎಂಬ ತೀರ್ಮಾನವೂ ಅವರಿಗೆ ಪರಂಪರೆಯಿಂದಲೇ ಬಂದಿದೆ. ಆ ತೀರ್ಮಾನವನ್ನು ಗೌರವಿಸುವುದು, ಕಂಡಷ್ಟನ್ನು ಗಮನವಿಟ್ಟು ನೋಡುವುದು ಗ್ಯಾಲರಿಗೆ ಬಂದ ಪ್ರೇಕ್ಷಕನ ಕರ್ತವ್ಯ.